ತುಂಡು ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಒಂದಾಗಿಸುವಾಗ ಆಡಿಯೋ ತಪ್ಪಿಹೋದದ್ದು: ಮುಂಬೈನ ಒಂದು ಪ್ರಕರಣ

ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ವ್ಯಾಜ್ಯ ತೀರಿಸಿಕೊಳ್ಳುವುದು) ವಿಚಾರಣೆಯ ಟ್ರಾನ್ಸ್‌ಕ್ರಿಪ್ಟ್ (ಆಡಿದ ಮಾತನ್ನು ಟೈಪ್ ಮಾಡಿದ ದಾಖಲೆ) ಅಂದರೆ ವಕೀಲರ ಕೈಗೆ ಸೇರುವುದು ಒಂದು ಪಿಡಿಎಫ್. ಅದರ ಹಿಂದೆ ಎಷ್ಟು ತುಂಡು ಫೈಲುಗಳಿವೆ, ಯಾವ ಸಾಲು ಯಾವ ರೆಕಾರ್ಡಿಂಗ್‌ನಿಂದ ಬಂತು ಅಂತ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಈ ಪ್ರಕರಣದಲ್ಲಿ ಕೇಳಿದರು. ಕೇಳಿದ ಹೊತ್ತಿಗೆ ಫೈಲುಗಳನ್ನು ಒಂದಾಗಿಸಿ ಆಗಿತ್ತು, ಯಾವ ಮಾತು ಆಡಿಯೋದಲ್ಲಿ ಎಲ್ಲಿದೆ ಅನ್ನುವ ಲೆಕ್ಕ ತಪ್ಪಿಹೋಗಿತ್ತು.

ನಾನು ಈ ಕೆಲಸಕ್ಕೆ ಹೊರಗಿನಿಂದ ಸೇರಿದವನು, ಆಡಿಯೋ ಮತ್ತು ದಾಖಲೆಗಳ ಕೆಲಸ ನನ್ನದು. ಮುಂಬೈ, ಪುಣೆ ಕಡೆ ಟ್ರಾನ್ಸ್‌ಕ್ರಿಪ್ಶನ್ ಮಾಡುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ, ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ. ಕಚೇರಿ, ಪಕ್ಷಗಾರರು, ಸಾಕ್ಷಿ, ದಿನಾಂಕ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ವ್ಯಾಜ್ಯದ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ಆದರೆ ತಾಂತ್ರಿಕವಾಗಿ ಏನು ಕೆಟ್ಟಿತು, ಹೇಗೆ ಸರಿಹೋಯಿತು ಅನ್ನುವುದು ನಡೆದ ಹಾಗೇ ಇದೆ.

ಹಿನ್ನೆಲೆ

ಫೋರ್ಟ್ ಕಡೆಯ ಒಂದು ಹಳೇ ಕಟ್ಟಡದಲ್ಲಿರುವ ಚಿಕ್ಕ ಕಚೇರಿ. ನಡೆಸುವವರು ಉಡುಪಿ ಕಡೆಯ ಹಿರಿಯರು. ಹಗಲು ಕೆಲಸ, ರಾತ್ರಿ ಶಾಲೆ, ಅದರ ಜೊತೆಗೇ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಮತ್ತು ಟೈಪಿಂಗ್, ಹೀಗೆ ಮೇಲೆ ಬಂದ ತಲೆಮಾರಿನವರು. ಎಷ್ಟೋ ಹುಡುಗರಿಗೆ ಶಾರ್ಟ್‌ಹ್ಯಾಂಡ್ ಕಲಿಸಿದ್ದರಿಂದ ಎಲ್ಲರೂ ಅವರನ್ನು ಮಾಸ್ಟ್ರು ಅಂತಲೇ ಕರೆಯುತ್ತಾರೆ. ಪ್ರೂಫ್ ನೋಡುವ ಹಿರಿಯ ಮಹಿಳೆ ಉತ್ತರ ಕರ್ನಾಟಕದವರು, ಕಚೇರಿಗೆಲ್ಲ ಅಕ್ಕ. ಇವರ ಜೊತೆ ಮೂವರು ಟೈಪಿಸ್ಟ್‌ಗಳು, ಕಂಪ್ಯೂಟರ್ ನೋಡಿಕೊಳ್ಳುವ ಒಬ್ಬ ಹುಡುಗ.

ಸಿವಿಲ್ ಕೋರ್ಟ್‌ಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆಸುತ್ತಾರೆ. ಪ್ರತಿ ಪ್ರಶ್ನೆ, ಪ್ರತಿ ಉತ್ತರ ಇದ್ದ ಹಾಗೇ ಬರುವುದಿಲ್ಲ. ದೊಡ್ಡ ಆರ್ಬಿಟ್ರೇಶನ್‌ಗಳಲ್ಲಿ ಹಾಗಲ್ಲ. ಎರಡೂ ಕಡೆಯವರು ಖರ್ಚು ಹಾಕಿ ಅಕ್ಷರಶಃ ದಾಖಲೆ ಮಾಡಿಸುತ್ತಾರೆ. ಸುಪ್ರೀಂ ಕೋರ್ಟ್ ಕೂಡ 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠದ ವಿಚಾರಣೆಯಲ್ಲಿ ಲೈವ್ ಟ್ರಾನ್ಸ್‌ಕ್ರಿಪ್ಶನ್ ಶುರು ಮಾಡಿದ ಮೇಲೆ ಇಂಥ ದಾಖಲೆಯ ಬಗ್ಗೆ ವಕೀಲರ ನಿರೀಕ್ಷೆಯೂ ಜಾಸ್ತಿ ಆಗಿದೆ.

ಅಮೆರಿಕದ ಕೋರ್ಟ್ ರಿಪೋರ್ಟರ್‌ಗಳು ಸ್ಟೆನೋ ಯಂತ್ರದಲ್ಲಿ ಕೆಲಸ ಮಾಡುತ್ತಾರೆ. ಕೇಸ್ ಕ್ಯಾಟಲಿಸ್ಟ್, ಎಕ್ಲಿಪ್ಸ್ ತರಹದ ಸಾಫ್ಟ್‌ವೇರ್‌ನಲ್ಲಿ ಅವರು ಹೊಡೆಯುವ ಹೊಡೆತಕ್ಕೆ ಸಮಯದ ಗುರುತು ತಾನೇ ಅಂಟಿಕೊಳ್ಳುತ್ತದೆ, ಆಡಿಯೋ ಅದರ ಜೊತೆ ಹೊಂದಿಕೊಂಡೇ ಇರುತ್ತದೆ. ಈ ಕಚೇರಿಯಲ್ಲಿ ಆ ಸೌಕರ್ಯ ಇರಲಿಲ್ಲ. ಮೇಜಿನ ಮೇಲೆ ಒಂದು ರೆಕಾರ್ಡರ್, ಎರಡು ಮೈಕ್. ಒಂದು ಮೈಕ್ ಸಾಕ್ಷಿ ಮತ್ತು ದುಭಾಷಿ ಕಡೆ, ಇನ್ನೊಂದು ವಕೀಲರು ಮತ್ತು ಆರ್ಬಿಟ್ರೇಟರ್ ಕಡೆ. ಆಸರೆಗೆ ಅಂತ ಲ್ಯಾಪ್‌ಟಾಪ್‌ನಲ್ಲೂ ಒಂದು ರೆಕಾರ್ಡಿಂಗ್ ಓಡುತ್ತಿತ್ತು.

ಆಮೇಲೆ ದಿನದ ರೆಕಾರ್ಡಿಂಗನ್ನು ಅರ್ಧರ್ಧ ಗಂಟೆಯ ತುಂಡು ಮಾಡಿ ಟೈಪಿಸ್ಟ್‌ಗಳಿಗೆ ಹಂಚುತ್ತಿದ್ದರು. ಅಂಚಿನಲ್ಲಿ ಮಾತು ಕತ್ತರಿಸಿ ಹೋಗದಿರಲಿ ಅಂತ ಪ್ರತಿ ತುಂಡೂ ಹಿಂದಿನ ತುಂಡಿನ ಕೊನೆಯ ಹತ್ತು ಸೆಕೆಂಡಿನಿಂದ ಶುರುವಾಗುತ್ತಿತ್ತು. ಇದು ಒಳ್ಳೆಯ ಅಭ್ಯಾಸವೇ, ಆದರೆ ಹಾಗೆ ಕತ್ತರಿಸಿದ್ದನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಟೈಪಿಸ್ಟ್ ಕಾಲಿನ ಪೆಡಲ್ ಒತ್ತುತ್ತಾ ಟೈಪ್ ಮಾಡುತ್ತಾರೆ, ಪ್ರತಿ ಪ್ರಶ್ನೆಯ ಮುಂದೆ ಚೌಕ ಬ್ರಾಕೆಟ್‌ನಲ್ಲಿ ಸಮಯ ಹಾಕುತ್ತಾರೆ. ಆ ಸಮಯ ತುಂಡಿನ ಸಮಯ. ಅಂದರೆ ಪ್ರತಿ ಫೈಲೂ ಸೊನ್ನೆಯಿಂದ ಶುರು.

ಯಾಕೆ ಒಂದಾಗಿಸಬೇಕಾಯಿತು

ಕಟ್ಟಡ ಕಟ್ಟುವ ಗುತ್ತಿಗೆಯ ವ್ಯಾಜ್ಯ. ಒಬ್ಬ ಮುಖ್ಯ ಸಾಕ್ಷಿ ಕೂಲಿಗಳ ಮುಕಾದಮ, ಉತ್ತರ ಕರ್ನಾಟಕದ ಕಡೆಯವರು, ಮಾತು ಕನ್ನಡದಲ್ಲಿ. ವಕೀಲರ ಪ್ರಶ್ನೆ ಇಂಗ್ಲಿಷ್‌ನಲ್ಲಿ, ನಡುವೆ ದುಭಾಷಿ. ಕ್ರಾಸ್, ಅಂದರೆ ಪಾಟೀಸವಾಲು, ಹಲವು ದಿನ ನಡೆಯಿತು, ಅದರಲ್ಲಿ ಒಂದು ದಿನ ವಿಡಿಯೋ ಕಾನ್ಫರೆನ್ಸ್‌ನಲ್ಲಿ.

ಜಗಳ ಹುಟ್ಟಿದ್ದು ಒಂದು ಉತ್ತರದ ಮೇಲೆ. ಡ್ರಾಯಿಂಗ್ ಕೈಗೆ ಬರುವ ಮೊದಲೇ ಕೆಲಸ ಶುರು ಮಾಡಿದಿರಾ ಅನ್ನುವುದು ಪ್ರಶ್ನೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉತ್ತರ ‘ಹೌದು’ ಅಂತ ಇತ್ತು, ಅದರ ನಂತರ ಒಂದು ಉದ್ದ ವಿವರಣೆ. ಸಾಕ್ಷಿಯ ಕಡೆಯ ವಕೀಲರ ತಕರಾರು ಏನೆಂದರೆ, ಅವರು ಹೇಳಿದ್ದು ಬರೀ ‘ಹೂಂ’, ಅದೂ ದುಭಾಷಿ ಇನ್ನೂ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲು, ಅಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವುದಕ್ಕೆ. ಎದುರು ಕಡೆಯವರು ಒಪ್ಪಲಿಲ್ಲ. ಇದು ಶಬ್ದದ ಪ್ರಶ್ನೆ ಅಲ್ಲ, ಯಾವುದು ಮೊದಲು ಬಂತು ಅನ್ನುವ ಪ್ರಶ್ನೆ. ಅದಕ್ಕೆ ಆಡಿಯೋ ಬಿಟ್ಟರೆ ಬೇರೆ ಸಾಕ್ಷ್ಯ ಇಲ್ಲ.

ಆರ್ಬಿಟ್ರೇಟರ್ ಹೇಳಿದ್ದು ಸರಳವಾಗಿತ್ತು. ಎಲ್ಲಾ ದಿನಗಳ ಟ್ರಾನ್ಸ್‌ಕ್ರಿಪ್ಟ್ ಒಂದೇ ದಾಖಲೆಯಾಗಿ ಎರಡೂ ಕಡೆಯವರಿಗೆ ಸಿಗಬೇಕು, ಯಾವ ಸಾಲನ್ನು ಒತ್ತಿದರೂ ಅಲ್ಲಿಯ ಧ್ವನಿ ಕೇಳಿಸಬೇಕು, ತಿದ್ದುಪಡಿ ಏನಿದ್ದರೂ ಅದನ್ನು ಕೇಳಿ ಒಟ್ಟಿಗೆ ಕೊಡಿ.

ಮೊದಲ ಯತ್ನಗಳು

ಹುಡುಗ ಎಲ್ಲರೂ ಮಾಡುವುದನ್ನೇ ಮಾಡಿದ್ದ. ವರ್ಡ್ ಫೈಲುಗಳನ್ನು ಒಂದರ ಹಿಂದೆ ಒಂದು ಸೇರಿಸಿದ. ತುಂಡು ಆಡಿಯೋಗಳನ್ನೂ ಹಾಗೇ ಸೇರಿಸಿ ಒಂದು ಎಂಪಿ3 ಮಾಡಿದ. ಸಮಯಗಳು ಪ್ರತಿ ತುಂಡಿಗೂ ಸೊನ್ನೆಯಿಂದ ಶುರುವಾಗುತ್ತಿದ್ದವಲ್ಲ, ಅದಕ್ಕೆ ಒಂದು ಮ್ಯಾಕ್ರೋ (ವರ್ಡ್ ಒಳಗೆ ತಾನೇ ಓಡುವ ಚಿಕ್ಕ ಪ್ರೋಗ್ರಾಂ) ಬರೆದು ಹಿಂದಿನ ತುಂಡುಗಳ ಒಟ್ಟು ಉದ್ದವನ್ನು ಪ್ರತಿ ಸಮಯಕ್ಕೂ ಕೂಡಿಸಿದ. ಕೇಳಿ ನೋಡಿದರೆ ಹೆಚ್ಚುಕಮ್ಮಿ ಹೊಂದಿಕೊಂಡಿತ್ತು ಕೂಡ. ಆದರೆ ಪ್ರತಿ ಜೋಡಣೆಯಲ್ಲೂ ಹತ್ತು ಸೆಕೆಂಡ್ ಮಾತು ಎರಡು ಸಲ ಕೇಳಿಸುತ್ತಿತ್ತು. ಸಾಕ್ಷಿ ಒಮ್ಮೆ ಹೇಳಿದ್ದನ್ನು ಎರಡು ಸಲ ಹೇಳಿದ ಹಾಗೆ ಕೇಳಿಸುವ ದಾಖಲೆಯನ್ನು ಯಾವ ಟ್ರಿಬ್ಯುನಲ್ ಮುಂದೆ ಇಡುವುದಕ್ಕೆ ಆಗುತ್ತದೆ?

ಹಾಗಾಗಿ ತುಂಡುಗಳ ಆಡಿಯೋ ಬಿಟ್ಟು ಮೂಲ ರೆಕಾರ್ಡಿಂಗನ್ನೇ ಹಾಕಿದರು, ಸಮಯಗಳು ಮಾತ್ರ ಹಳೆಯವೇ ಉಳಿದವು. ಈಗ ಪ್ರತಿ ಜೋಡಣೆಗೂ ಹತ್ತು ಸೆಕೆಂಡ್ ತಪ್ಪು ಕೂಡುತ್ತಾ ಹೋಯಿತು. ಹೆಚ್ಚುಕಮ್ಮಿ ಆರು ಗಂಟೆಯ ಕಲಾಪ ಅಂದರೆ ಹನ್ನೆರಡು ತುಂಡು, ಹನ್ನೊಂದು ಜೋಡಣೆ, ಕೊನೆಯ ತುಂಡಿನಲ್ಲಿ ಹತ್ತಿರ ಹತ್ತಿರ 110 ಸೆಕೆಂಡ್ ತಪ್ಪು. ಸಾಲು ಒತ್ತಿದರೆ ಎರಡು ನಿಮಿಷ ಮುಂದಿನ ಬೇರೆ ಯಾವುದೋ ಪ್ರಶ್ನೆ.

ಇದರ ಮೇಲೆ ಇನ್ನೂ ಎರಡು ತೊಂದರೆ ಸೇರಿಕೊಂಡವು. ಒಂದು ಮಧ್ಯಾಹ್ನ ಮುಖ್ಯ ರೆಕಾರ್ಡರ್ ನಿಂತುಹೋಗಿ ಲ್ಯಾಪ್‌ಟಾಪ್‌ನ ರೆಕಾರ್ಡಿಂಗ್ ಬಳಸಿದ್ದರು. ರೆಕಾರ್ಡರ್‌ನದ್ದು ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ), ಲ್ಯಾಪ್‌ಟಾಪ್‌ನದ್ದು 44,100. ಜೋಡಿಸುವ ಸಾಧನಕ್ಕೆ ಫೈಲುಗಳನ್ನು ಹಾಗೇ ಅಂಟಿಸು ಅಂತ ಹೇಳಿದಾಗ ಅದು ಮೊದಲ ಫೈಲಿನ ಅಳತೆಯನ್ನೇ ಎಲ್ಲದಕ್ಕೂ ಹಿಡಿಯಿತು. ಲ್ಯಾಪ್‌ಟಾಪ್ ಭಾಗದಲ್ಲಿ ಎಲ್ಲರ ದನಿ ತೆಳುವಾಗಿ, ಬೇಗ ಬೇಗ ಓಡುತ್ತಿತ್ತು. 30 ನಿಮಿಷದ ಮಾತು 27 ನಿಮಿಷ 34 ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಇನ್ನೊಂದು ತೊಂದರೆ ಫೈಲಿನ ಗಾತ್ರದ್ದು. ರೆಕಾರ್ಡರ್ 24 ಬಿಟ್, ಎರಡು ಚಾನೆಲ್‌ನಲ್ಲಿ ಉಳಿಸುತ್ತಿತ್ತು, ಅಂದರೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ. 2 ಜಿಬಿ ತುಂಬಿದ ಕೂಡಲೇ, ಸುಮಾರು 2 ಗಂಟೆ 4 ನಿಮಿಷಕ್ಕೆ, ಅದು ತಾನೇ ಹೊಸ ಫೈಲು ತೆರೆಯುತ್ತದೆ. ಇಡೀ ದಿನದ್ದನ್ನು ಜೋಡಿಸಿದರೆ 6 ಜಿಬಿ ದಾಟುತ್ತದೆ. ಮಾಮೂಲಿ ವೇವ್ ಫೈಲಿನಲ್ಲಿ ಗಾತ್ರ ಬರೆಯುವ ಜಾಗ 32 ಬಿಟ್, 4 ಜಿಬಿ ದಾಟಿದರೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಪ್ಲೇಯರ್ ಫೈಲು ತೆರೆಯಿತು, ಆದರೆ ತೋರಿಸಿದ ಉದ್ದ ತಪ್ಪು, ಕೊನೆಯ ಭಾಗಕ್ಕೆ ಹೋಗಲಿಕ್ಕೇ ಬಿಡಲಿಲ್ಲ.

ಈ ಹಂತದಲ್ಲಿ ಯಾರೋ ಒಂದು ಸಲಹೆ ಕೊಟ್ಟರು. ಆಡಿಯೋ, ಪಠ್ಯ ಎರಡನ್ನೂ ಒಂದು ಉಚಿತ ವೆಬ್‌ಸೈಟಿಗೆ ಹಾಕಿದರೆ ಅದೇ ಹೊಂದಿಸಿ ಕೊಡುತ್ತದಂತೆ. ಮಾಸ್ಟ್ರು ಅಲ್ಲೇ ತಡೆದರು. “ಇದು ನಮ್ಮ ಮನೆಯ ಮದುವೆ ವಿಡಿಯೋ ಅಲ್ಲ ಮಾರಾಯ, ಹೊರಗೆ ಒಂದು ನಿಮಿಷವೂ ಹೋಗಬಾರದು” ಅಂದರು. 1996ರ ಆರ್ಬಿಟ್ರೇಶನ್ ಕಾಯಿದೆಗೆ 2019ರಲ್ಲಿ ಸೇರಿದ 42ಎ ಕಲಂ ಕಲಾಪದ ಗೋಪ್ಯತೆ ಕಾಪಾಡಬೇಕು ಅನ್ನುತ್ತದೆ. ಕೆಲಸದ ಒತ್ತಡದಲ್ಲಿ ಇಂಥದ್ದು ಎಷ್ಟು ಸುಲಭವಾಗಿ ಮರೆತುಹೋಗುತ್ತದೆ ಅಂದರೆ, ಆ ದಿನ ಅವರು ಕಚೇರಿಯಲ್ಲಿ ಇಲ್ಲದಿದ್ದರೆ ಫೈಲು ಹೋಗಿಯೇ ಬಿಡುತ್ತಿತ್ತು.

ಆಮೇಲೆ ಕಚೇರಿಯ ಕಂಪ್ಯೂಟರ್‌ನಲ್ಲೇ, ಇಂಟರ್ನೆಟ್ ಇಲ್ಲದೆ, ಪಠ್ಯವನ್ನು ಧ್ವನಿಗೆ ತಾನಾಗಿ ಹೊಂದಿಸುವ ಒಂದು ಸಾಫ್ಟ್‌ವೇರ್ ಪ್ರಯತ್ನಿಸಿದರು. ಒಬ್ಬರೇ ಇಂಗ್ಲಿಷ್‌ನಲ್ಲಿ ಮಾತಾಡುವ ಕಡೆ ಚೆನ್ನಾಗಿ ಬಂತು. ಆದರೆ ಇಂಗ್ಲಿಷ್ ಪ್ರಶ್ನೆ, ಕನ್ನಡ ಅನುವಾದ, ಕನ್ನಡ ಉತ್ತರ, ನಡುವೆ ಹಿಂದಿ, ಮರಾಠಿ ಶಬ್ದಗಳು ಬಂದ ಕಡೆ ಅದು ಸಾಲುಗಳನ್ನು ಎಲ್ಲಿಂದಲೋ ಎಲ್ಲಿಗೋ ಎಳೆಯಿತು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇದ್ದದ್ದು ಇಂಗ್ಲಿಷ್ ಪಠ್ಯ ಮಾತ್ರ, ಧ್ವನಿಯಲ್ಲಿ ಇದ್ದದ್ದು ಎರಡೂ ಭಾಷೆ. ತಕರಾರಿನ ಜಾಗವೇ ಅಂಥದ್ದು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು, ಟೈಪಿಸ್ಟ್ ಕಿವಿಯಲ್ಲಿ ಕೇಳಿ ಹಾಕಿದ್ದ ಸಮಯದ ಮೇಲೆ ಯಂತ್ರ ತನ್ನ ಅಂದಾಜನ್ನು ಬರೆದುಬಿಡುತ್ತಿತ್ತು.

ದಾರಿ ಬದಲಾದದ್ದು

ನಾನು ಬಂದಾಗ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ “ಎಷ್ಟು ಸೆಕೆಂಡ್ ತಪ್ಪಿದೆ?” ಅಂತ. ನಾನು ಬೇರೆ ಒಂದನ್ನು ಕೇಳಿದೆ, ತಪ್ಪು ಹೇಗೆ ಬೆಳೆಯುತ್ತಿದೆ? ಈ ಒಂದು ವಿಷಯ ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ. ಹತ್ತು ಹದಿನೈದು ಕಡೆ ಸಾಲು ಒತ್ತಿ, ಅದರ ಮಾತು ನಿಜವಾಗಿ ಎಲ್ಲಿದೆ ಅಂತ ಕೇಳಿ, ವ್ಯತ್ಯಾಸ ಬರೆದುಕೊಂಡೆವು. ಒಂದು ತುಂಡಿನ ಉದ್ದಕ್ಕೂ ತಪ್ಪು ಒಂದೇ ಆಗಿದ್ದರೆ ಆ ತುಂಡಿನ ಶುರುವಿನ ಜಾಗ ತಪ್ಪಾಗಿದೆ ಅಂತ ಅರ್ಥ. ಜೋಡಣೆ ಬಂದಾಗೆಲ್ಲ ಮೆಟ್ಟಿಲು ಏರಿದ ಹಾಗೆ ತಪ್ಪು ಜಾಸ್ತಿ ಆಗುತ್ತಿದ್ದರೆ ತುಂಡುಗಳು ಒಂದರ ಮೇಲೊಂದು ಬಂದಿವೆ, ಇಲ್ಲವೇ ನಡುವೆ ಏನೋ ಬಿಟ್ಟುಹೋಗಿದೆ. ತುಂಡಿನ ಒಳಗೇ ನಿಧಾನವಾಗಿ, ಸಮನಾಗಿ ಬೆಳೆಯುತ್ತಿದ್ದರೆ ಸ್ಯಾಂಪಲ್ ಅಳತೆ ಹೆಚ್ಚುಕಡಿಮೆ ಆಗಿದೆ. ಇಲ್ಲಿ ಮೂರೂ ಇದ್ದವು, ಬೇರೆ ಬೇರೆ ಜಾಗದಲ್ಲಿ. ಅದಕ್ಕೇ ಒಟ್ಟಿಗೆ ಒಂದೇ ಸಂಖ್ಯೆ ಕೂಡಿಸಿ ಕಳೆದು ಸರಿಮಾಡಲು ಹೋದಾಗೆಲ್ಲ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತಿತ್ತು.

ಎರಡು ರೆಕಾರ್ಡರ್‌ಗಳ ಗಡಿಯಾರವೇ ಬೇರೆ ಬೇರೆ ವೇಗದಲ್ಲಿ ಓಡುತ್ತದಲ್ಲ, ಅದರಿಂದಲೇ ತಪ್ಪು ಬಂದಿರಬಹುದು ಅಂತ ಹುಡುಗ ಕೇಳಿದ. ಓಡುತ್ತದೆ, ನಿಜ. ಆದರೆ ಮಾಮೂಲಿ ಸಾಧನಗಳಲ್ಲಿ ಆ ವ್ಯತ್ಯಾಸ ಹತ್ತು ಲಕ್ಷಕ್ಕೆ ಕೆಲವು ಹತ್ತುಗಳಷ್ಟು ಮಾತ್ರ. 50 ಅಂತ ಹಿಡಿದರೂ ಗಂಟೆಗೆ ಸೆಕೆಂಡಿನ ಐದನೇ ಒಂದು ಭಾಗವೂ ಆಗುವುದಿಲ್ಲ. ಹತ್ತು ಸೆಕೆಂಡ್, ಎರಡು ನಿಮಿಷ ತಪ್ಪುವುದಕ್ಕೆ ಅದನ್ನು ದೂರುವ ಹಾಗಿಲ್ಲ.

ನಂತರದ ನಿರ್ಧಾರ ಇಡೀ ಕೆಲಸವನ್ನು ಬದಲಿಸಿತು. ತುಂಡಿನ ಹಿಂದೆ ತುಂಡು ಜೋಡಿಸಿ ಉದ್ದ ಕೂಡಿಸುತ್ತಾ ಹೋಗುವುದನ್ನು ಬಿಟ್ಟೆವು. ಹಾಗೆ ಮಾಡಿದರೆ ಮೂರನೇ ತುಂಡಿನ ತಪ್ಪು ಹನ್ನೆರಡನೆಯದಕ್ಕೂ ಹೋಗುತ್ತದೆ. ಬದಲಿಗೆ ಪ್ರತಿ ತುಂಡನ್ನೂ ನೇರವಾಗಿ ಆ ದಿನದ ಮೂಲ ರೆಕಾರ್ಡಿಂಗ್‌ಗೆ ಕಟ್ಟಿದೆವು. ಈ ತುಂಡು ಮೂಲದಲ್ಲಿ ಎಲ್ಲಿ ಶುರುವಾಗುತ್ತದೆ, ಅಷ್ಟೇ. ಏಳನೇ ತುಂಡು ಮೂಲದಲ್ಲಿ 2 ಗಂಟೆ 59 ನಿಮಿಷಕ್ಕೆ ಶುರುವಾದರೆ, ಅದರ ಒಳಗೆ 12 ನಿಮಿಷ 40 ಸೆಕೆಂಡ್ ಅಂತ ಇರುವ ಸಾಲು ಮೂಲದಲ್ಲಿ 3 ಗಂಟೆ 11 ನಿಮಿಷ 40 ಸೆಕೆಂಡಿನಲ್ಲಿದೆ. ಒಂದು ತುಂಡಿನ ಲೆಕ್ಕ ತಪ್ಪಿದರೆ ಅದೊಂದೇ ತಪ್ಪುತ್ತದೆ, ಉಳಿದವನ್ನು ಮುಟ್ಟುವುದಿಲ್ಲ. ಕೇಳುವಾಗ ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಅಲ್ಲಿಯವರೆಗೆ ಯಾರೂ ಸಮಯದ ಲೆಕ್ಕವನ್ನು ಮೂಲ ಫೈಲಿನಿಂದ ಹಿಡಿದಿರಲೇ ಇಲ್ಲ. ಎಲ್ಲರೂ ಲೆಕ್ಕ ಹಾಕುತ್ತಿದ್ದದ್ದು ತುಂಡುಗಳಿಂದ ಮಾತ್ರ.

ಕತ್ತರಿಸಿದ ಲೆಕ್ಕ ಬರೆದಿಟ್ಟಿರಲಿಲ್ಲವಾದ್ದರಿಂದ ಶುರುವಿನ ಜಾಗವನ್ನು ಹುಡುಕಬೇಕಾಯಿತು. ಅಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಮೂಲವನ್ನೂ ತುಂಡನ್ನೂ ಮೇಲೆ ಕೆಳಗೆ ಇಟ್ಟು, ತುಂಡಿನ ಶುರುವಿನಲ್ಲಿರುವ ಒಂದು ಗಟ್ಟಿ ಸದ್ದನ್ನು, ಲೋಟ ಇಟ್ಟದ್ದೋ ಫೈಲು ಮುಚ್ಚಿದ್ದೋ, ಎರಡರಲ್ಲೂ ಹಿಡಿದು ಅಲೆಗಳು ಒಂದೇ ಆಗುವವರೆಗೆ ಸರಿಸಿದೆವು. ಮಾತಿಗಿಂತ ಇಂಥ ಸದ್ದು ಹಿಡಿಯುವುದು ಸುಲಭ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಲ್ಯಾಪ್‌ಟಾಪ್‌ನ ಭಾಗವನ್ನು ಏನು ಮಾಡುವುದು ಅನ್ನುವುದರ ಮೇಲೆ ಚರ್ಚೆ ಆಯಿತು. ಅದನ್ನೂ ಮುಖ್ಯ ರೆಕಾರ್ಡಿಂಗ್‌ನ ಒಳಗೆ ಸೇರಿಸಿ, ಬೇಕಾದರೆ ಸ್ವಲ್ಪ ಹಿಗ್ಗಿಸಿ ಕೂರಿಸಬಹುದಿತ್ತು. ನಾನು ಬೇಡ ಅಂದೆ. ಸಾಕ್ಷಿಯ ದನಿಯನ್ನು ಒಂದು ಕೂದಲೆಳೆಯಷ್ಟು ಹಿಗ್ಗಿಸಿದರೂ ನಾಳೆ ಅದನ್ನು ಯಾಕೆ ಮುಟ್ಟಿದಿರಿ ಅಂತ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ಅದಕ್ಕೆ ಅದು ಬೇರೆ ಮೂಲವಾಗಿಯೇ ಉಳಿಯಿತು. ಪ್ರತಿ ಸಾಲಿಗೂ ಎರಡು ಗುರುತು ಕೊಟ್ಟೆವು: ಯಾವ ಮೂಲ, ಅದರಲ್ಲಿ ಎಷ್ಟನೇ ಸೆಕೆಂಡ್. ಸಾಲು ಒತ್ತಿದರೆ ಸರಿಯಾದ ಫೈಲು ತಾನೇ ತೆರೆಯುತ್ತದೆ. ಕೇಳುವವರಿಗೆ ಅದು ಎರಡು ಫೈಲು ಅಂತ ಗೊತ್ತೂ ಆಗುವುದಿಲ್ಲ, ಆದರೆ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ವಿಡಿಯೋ ಕಾನ್ಫರೆನ್ಸ್‌ನ ದಿನದ್ದು ಇನ್ನೊಂದು ತರಹ. ಆರ್ಬಿಟ್ರೇಟರ್ ಆಫ್ ದ ರೆಕಾರ್ಡ್ (ಇದು ದಾಖಲೆಗೆ ಬೇಡ) ಅಂದಾಗ ಅಲ್ಲಿ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದರು. ಗಡಿಯಾರ ಓಡುತ್ತದೆ, ಫೈಲಿನ ಸಮಯ ಓಡುವುದಿಲ್ಲ. ಆ ದಿನ ಟೈಪಿಸ್ಟ್ ಗಡಿಯಾರದ ಸಮಯ ಹಾಕಿದ್ದರು. ಹಾಗಾಗಿ ಪ್ರತಿ ವಿರಾಮದ ಮುಂಚೆ ಮತ್ತು ನಂತರದ ಮಾತನ್ನು ಹುಡುಕಿ ವಿರಾಮದ ಉದ್ದವನ್ನು ಬೇರೆಯಾಗಿ ಕಳೆಯಬೇಕಾಯಿತು.

ಪಠ್ಯದ ಕಡೆಯ ಕೆಲಸ

ಇಲ್ಲಿ ಅಕ್ಕ ಮುಂದೆ ಬಂದರು. ಮೊದಲ ಜೋಡಣೆಯಲ್ಲಿ ‘ಕ್ಲೀನ್’ ಮಾಡುವ ನೆಪದಲ್ಲಿ ಚೌಕ ಬ್ರಾಕೆಟ್‌ನಲ್ಲಿದ್ದದ್ದೆಲ್ಲ ಅಳಿಸುವ ಆದೇಶ ಕೊಟ್ಟಿದ್ದರು. ಅದರಲ್ಲಿ ಟೈಪಿಸ್ಟ್‌ಗಳು ಹಾಕಿದ್ದ ತುಂಡಿನ ಸಮಯವೂ ಹೋಯಿತು (ಮ್ಯಾಕ್ರೋ ಕೂಡಿಸಿದ ಸಮಯ ಮಾತ್ರ ಉಳಿಯಿತು), ‘ಕೇಳಿಸುತ್ತಿಲ್ಲ’, ‘ಇಬ್ಬರೂ ಒಟ್ಟಿಗೆ’ ಅನ್ನುವ ಟೈಪಿಸ್ಟ್‌ಗಳ ಟಿಪ್ಪಣಿಗಳೂ ಹೋದವು. ಸದ್ಯ, ತುಂಡು ಫೈಲುಗಳ ಹಳೇ ಪ್ರತಿ ಅಕ್ಕನ ಫೋಲ್ಡರ್‌ನಲ್ಲಿ ಉಳಿದಿತ್ತು. ಅವರು ಯಾವ ಫೈಲನ್ನೂ ಅಳಿಸುವವರಲ್ಲ.

ಆಮೇಲೆ ಪಠ್ಯವನ್ನು ವರ್ಡ್‌ನಲ್ಲಿ ಜೋಡಿಸುವುದನ್ನೇ ನಿಲ್ಲಿಸಿ ಒಂದು ಸ್ಪ್ರೆಡ್‌ಶೀಟ್‌ಗೆ ತಂದೆವು. ಒಬ್ಬರ ಒಂದು ಮಾತಿಗೆ ಒಂದು ಅಡ್ಡಸಾಲು. ಮೂಲ ಫೈಲು, ಶುರು, ಮಾತಾಡಿದವರು, ಪಠ್ಯ, ಟೈಪಿಸ್ಟ್ ಟಿಪ್ಪಣಿ, ಇವೆಲ್ಲ ಬೇರೆ ಬೇರೆ ಕಾಲಂ. ಪಠ್ಯವನ್ನು ಯಾರಾದರೂ ತಿದ್ದಿದರೆ ಸಮಯಕ್ಕೆ ಏನೂ ಆಗುವುದಿಲ್ಲ. ಸಾಕ್ಷಿಯ ಹೆಸರನ್ನು ಮೂವರು ಟೈಪಿಸ್ಟ್‌ಗಳು ಮೂರು ತರಹ ಬರೆದದ್ದನ್ನು ಒಂದೇ ಮಾಡುವುದೂ ಸುಲಭವಾಯಿತು. ತುಂಡುಗಳ ಅಂಚಿನ ಹತ್ತು ಸೆಕೆಂಡ್ ಎರಡು ಸಲ ಟೈಪ್ ಆಗಿತ್ತಲ್ಲ, ಅದರಲ್ಲಿ ಯಾವುದನ್ನು ಇಡಬೇಕು ಅನ್ನುವುದನ್ನು ಅಕ್ಕ ಪ್ರತಿ ಸಲವೂ ಕೇಳಿ ನಿರ್ಧರಿಸಿದರು. ಕೆಲವು ಕಡೆ ಇಬ್ಬರು ಟೈಪಿಸ್ಟ್‌ಗಳು ಒಂದೇ ಮಾತನ್ನು ಬೇರೆ ಬೇರೆ ತರಹ ಕೇಳಿಸಿಕೊಂಡಿದ್ದರು. ಅಂಥದ್ದನ್ನು ಸುಮ್ನೆ ಅಳಿಸದೆ ತಿದ್ದುಪಡಿ ಪಟ್ಟಿಗೆ ಹಾಕಿದರು. ಅದು ಅವರಿಗೆ ಯಾರೂ ಹೇಳಿದ್ದಲ್ಲ, ಮತ್ತು ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ತೀರ್ಮಾನಗಳಲ್ಲಿ ಒಂದು.

ಮಾಸ್ಟ್ರು ಹಿಡಿದ ಪಟ್ಟು ಪುಟ ಸಂಖ್ಯೆಯದ್ದು. ಎಲ್ಲಾ ಒಂದಾದ ಮೇಲೆ ಪುಟಗಳು ಒಂದರಿಂದ ಸಾಲಾಗಿ ಬರಲಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅವರು ಕೇಳಿದರು, “ವಕೀಲರು ಆಗಲೇ ಬರೆದುಕೊಟ್ಟ ಟಿಪ್ಪಣಿಯಲ್ಲಿ ಎರಡನೇ ದಿನ, ಹದಿನಾಲ್ಕನೇ ಪುಟ, ಒಂಬತ್ತನೇ ಸಾಲು ಅಂತ ಇದೆ. ಅದನ್ನು ಎಲ್ಲಿ ಹುಡುಕುವುದು?” ಸರಿಯಾದ ಮಾತು. ಸಾಕ್ಷ್ಯವನ್ನು ಪುಟ ಮತ್ತು ಸಾಲಿನಿಂದಲೇ ಹೇಳುತ್ತಾರೆ, ಸಮಯದಿಂದ ಅಲ್ಲ. ಹಾಗಾಗಿ ಹೊಸ ಪುಟ ಸಂಖ್ಯೆ ಕೆಳಗೆ, ಹಳೇ ದಿನ, ಪುಟ, ಸಾಲು ಪಕ್ಕದ ಅಂಚಿನಲ್ಲಿ, ಕೊನೆಗೆ ಹಳೆಯದಕ್ಕೆ ಹೊಸದು ಯಾವುದು ಅನ್ನುವ ಒಂದು ಕೋಷ್ಟಕ. ಸಮಯದ ಲೆಕ್ಕದಲ್ಲೇ ಮುಳುಗಿದ್ದ ನಮಗೆ ಇದು ಹೊಳೆದೇ ಇರಲಿಲ್ಲ, ಇದಿಲ್ಲದಿದ್ದರೆ ದಾಖಲೆ ವಕೀಲರಿಗೆ ಉಪಯೋಗಕ್ಕೇ ಬರುತ್ತಿರಲಿಲ್ಲ.

ಕೊಟ್ಟದ್ದು ಏನು, ಆದದ್ದು ಏನು

ಮೂಲ ರೆಕಾರ್ಡಿಂಗ್‌ಗಳನ್ನು ಇದ್ದ ಹಾಗೇ, ಹೆಸರೂ ಬದಲಿಸದೆ, ಬೇರೆ ಡ್ರೈವ್‌ನಲ್ಲಿ ಓದಲು ಮಾತ್ರ ಬರುವ ಹಾಗೆ ಇಟ್ಟೆವು. ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು, ಫೈಲು ಚೂರು ಬದಲಾದರೂ ಇದು ಬದಲಾಗುತ್ತದೆ) ತೆಗೆದು ಬರೆದೆವು. ಆರ್ಬಿಟ್ರೇಟರ್‌ಗೆ ಸಾಕ್ಷ್ಯ ಕಾಯಿದೆಯ ಕಟ್ಟುಪಾಡು ಇಲ್ಲ, ಆರ್ಬಿಟ್ರೇಶನ್ ಕಾಯಿದೆಯ 19ನೇ ಕಲಂ ಅದನ್ನು ಹೇಳುತ್ತದೆ. ಆದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ನಾಳೆ ಈ ಧ್ವನಿ ಕೋರ್ಟ್ ಮುಂದೆ ಹೋಗಬೇಕಾಗಿ ಬಂದರೆ ಇವತ್ತೇ ಬರೆದಿಟ್ಟದ್ದು ಉಪಯೋಗಕ್ಕೆ ಬರುತ್ತದೆ.

ಕೇಳುವುದಕ್ಕೆ ಬೇರೆ ಪ್ರತಿ ಮಾಡಿದೆವು. ರೆಕಾರ್ಡರ್ ತಾನೇ ಒಡೆದ ಮೂಲ ಫೈಲುಗಳನ್ನು ಮೊದಲು ಇದ್ದ ಸ್ಥಿತಿಯಲ್ಲೇ ಜೋಡಿಸಿ, ಕೊನೆಗೆ ಒಂದೇ ಸಲ ಚಿಕ್ಕದು ಮಾಡಿದೆವು. ಈ ಕ್ರಮ ಮುಖ್ಯ. ತುಂಡುತುಂಡಾಗಿ ಎಂಪಿ3 ಮಾಡಿ ಆಮೇಲೆ ಜೋಡಿಸಿದರೆ ಪ್ರತಿ ತುಂಡಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರುತ್ತದೆ, ಯಾಕೆಂದರೆ ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ಕಟ್ಟು ಕಟ್ಟಿಯೇ ಇಡುತ್ತದೆ. ಬಿಟ್‌ರೇಟ್ ಬದಲಾಗುವ ಎಂಪಿ3 ಆದರೆ ನಡುವೆ ಒಂದು ಜಾಗಕ್ಕೆ ನೇರವಾಗಿ ಹೋಗುವಾಗ ಕೆಲವು ಪ್ಲೇಯರ್‌ಗಳು ಅಂದಾಜಿನ ಮೇಲೆ ಹೋಗುತ್ತವೆ. ನಾವು 16,000 ಸ್ಯಾಂಪಲ್, 16 ಬಿಟ್ ವೇವ್ ಇಟ್ಟೆವು, ಗಂಟೆಗೆ 230 ಎಂಬಿ. ಇಡೀ ದಿನ 4 ಜಿಬಿಯ ಒಳಗೆ ಆರಾಮಾಗಿ ಕೂರುತ್ತದೆ. ಒಂದೇ ಚಾನೆಲ್ ಮಾಡಿದ್ದರೆ ಇನ್ನೂ ಅರ್ಧ ಆಗುತ್ತಿತ್ತು, ಆದರೆ ಅಕ್ಕ ಬೇಡ ಅಂದರು. ಇಬ್ಬರು ಒಟ್ಟಿಗೆ ಮಾತಾಡುವಾಗ ಎಡಗಿವಿ ಬಲಗಿವಿಯ ವ್ಯತ್ಯಾಸವೇ ಯಾರು ಅಂತ ಹೇಳುತ್ತದೆ.

ಕೊನೆಯ ರೂಪ ಒಂದು ಪೆನ್‌ಡ್ರೈವ್, ಪಾಸ್‌ವರ್ಡ್ ಹಾಕಿದ್ದು. ಒಳಗೆ ಪಿಡಿಎಫ್, ಆಡಿಯೋ, ಮತ್ತು ಬ್ರೌಸರ್‌ನಲ್ಲಿ ಇಂಟರ್ನೆಟ್ ಇಲ್ಲದೇ ತೆರೆಯುವ ಒಂದು ಪುಟ. ಸಾಲು ಒತ್ತಿದರೆ ಅದಕ್ಕಿಂತ ಅರ್ಧ ಸೆಕೆಂಡ್ ಮುಂಚಿನಿಂದ ಧ್ವನಿ ಶುರು. ಕೊಡುವ ಮೊದಲು ಪ್ರತಿ ತುಂಡಿನ ಶುರು, ನಡು, ಕೊನೆ ಮೂರು ಕಡೆ, ಮತ್ತು ಪ್ರತಿ ಜೋಡಣೆಯಲ್ಲಿ, ಅದನ್ನು ತಯಾರು ಮಾಡದ ಒಬ್ಬರು ಕೂತು ಕೇಳಿದರು. ತಯಾರು ಮಾಡಿದವರ ಕಿವಿ ತಪ್ಪನ್ನು ತಾನೇ ಸರಿಮಾಡಿಕೊಂಡು ಕೇಳಿಬಿಡುತ್ತದೆ.

ತಕರಾರಿನ ಉತ್ತರವನ್ನು ಎರಡೂ ಕಡೆಯ ವಕೀಲರು ಒಟ್ಟಿಗೆ ಕೂತು ಕೇಳಿದರು. ‘ಹೂಂ’ ಬಂದದ್ದು ದುಭಾಷಿ ಪ್ರಶ್ನೆಯ ನಡುವೆ ಇದ್ದಾಗ. ಅದು ಸ್ಪಷ್ಟವಾಗಿತ್ತು. ಅದಕ್ಕೆ ಅರ್ಥ ಏನು ಅನ್ನುವುದರ ಮೇಲೆ ಅವರು ಮುಂದೆಯೂ ವಾದ ಮಾಡಿದರು, ಅದು ಅವರ ಕೆಲಸ. ಆದರೆ ಕ್ರಮದ ಬಗ್ಗೆ ಜಗಳ ಉಳಿಯಲಿಲ್ಲ. ಆ ಸಾಲನ್ನು ಇಬ್ಬರ ಒಪ್ಪಿಗೆಯ ಮೇಲೆ ತಿದ್ದಿದೆವು. ತಿದ್ದುಪಡಿ ಪಟ್ಟಿಯ ಉಳಿದವುಗಳಲ್ಲಿ ಹೆಚ್ಚಿನವನ್ನು ಕೂಡ ಧ್ವನಿ ಕೇಳಿದ ಮೇಲೆ ಚರ್ಚೆ ಇಲ್ಲದೆ ಒಪ್ಪಿಕೊಂಡರು.

ಕಚೇರಿಯಲ್ಲಿ ಈಗ ರೂಢಿ ಬದಲಾಗಿದೆ. ರೆಕಾರ್ಡಿಂಗ್ ಕತ್ತರಿಸುವವರು ಒಂದು ಹಾಳೆಯಲ್ಲಿ ಪ್ರತಿ ತುಂಡಿನ ಮೂಲ ಫೈಲು ಮತ್ತು ಶುರುವಿನ ಸಮಯ ಬರೆದು ಸಹಿ ಹಾಕುತ್ತಾರೆ. ಆ ಹತ್ತು ಸೆಕೆಂಡಿನ ಅಭ್ಯಾಸ ಹಾಗೇ ಇದೆ, ಅದನ್ನು ಬಿಡುವ ಅಗತ್ಯ ಇಲ್ಲ, ಬರೆದಿಟ್ಟರೆ ಸಾಕು. ತುಂಡಿನ ಫೈಲಿನ ಹೆಸರಿನಲ್ಲೇ ದಿನ, ಮೂಲ ಮತ್ತು ಶುರುವಿನ ಸಮಯ ಸೇರಿಸುತ್ತಾರೆ, ಹಾಳೆ ಕಳೆದರೂ ಹೆಸರು ಇರಲಿ ಅಂತ. ಎರಡೂ ರೆಕಾರ್ಡರ್ ಒಂದೇ ಅಳತೆಗೆ, 48,000ಕ್ಕೆ, ಇಟ್ಟಿದ್ದಾರೆ. ಕಲಾಪ ಶುರುವಾಗುವಾಗ ಮತ್ತು ಮುಗಿಯುವಾಗ ಮೇಜಿನ ಮೇಲೆ ಒಮ್ಮೆ ತಟ್ಟಿ ಎರಡೂ ರೆಕಾರ್ಡಿಂಗ್‌ಗೆ ಒಂದೇ ಗುರುತು ಬೀಳುವ ಹಾಗೆ ಮಾಡುತ್ತಾರೆ.

ವಿಡಿಯೋ ಕಾನ್ಫರೆನ್ಸ್ ದಿನದ ಒಂದು ಭಾಗ ಮಾತ್ರ ಕೊನೆಗೂ ಪೂರ್ತಿ ಹೊಂದಲಿಲ್ಲ. ದೂರದಿಂದ ಸೇರಿದ ವಕೀಲರ ದನಿ ತಡವಾಗಿ ಬರುತ್ತಿತ್ತು, ಹಾಗಾಗಿ ಕೋಣೆಯಲ್ಲಿದ್ದ ರೆಕಾರ್ಡರ್‌ನಲ್ಲಿ ಪ್ರಶ್ನೆ, ಉತ್ತರ ಒಂದರ ಮೇಲೊಂದು ಬಿದ್ದಿವೆ, ಕಾನ್ಫರೆನ್ಸ್‌ನ ರೆಕಾರ್ಡಿಂಗ್‌ನಲ್ಲಿ ಅವೇ ಬೇರೆ ಕ್ರಮದಲ್ಲಿವೆ. ಅಲ್ಲಿ ನಾವು ಒಂದನ್ನು ಆರಿಸಲಿಲ್ಲ. ಆ ಸಾಲುಗಳಿಗೆ ಎರಡೂ ಮೂಲದ ಸಮಯ ಕೊಟ್ಟು, ಕ್ರಮ ಎರಡು ತರಹ ಕೇಳಿಸುತ್ತದೆ ಅಂತ ಅಂಚಿನಲ್ಲಿ ಬರೆದು ಟ್ರಿಬ್ಯುನಲ್‌ಗೆ ಬಿಟ್ಟೆವು.